ವಾಲ್ಕಿರಿಯಾ ಕ್ರಾನಿಕಲ್ಸ್: ಕಾಳಗ ಸೊಗಸು, ರ‍್ಯಾಂಕ್ ಲೆಕ್ಕ ಅನ್ಯಾಯ

ಸೆಗಾ 2008ರಲ್ಲಿ ಪ್ಲೇಸ್ಟೇಷನ್ 3ಕ್ಕೆ ತಂದ ಈ ಆಟದ ಜೀವಾಳ ಅದರ ಯುದ್ಧ. ನಕ್ಷೆಯಲ್ಲಿ ಸೈನಿಕನನ್ನು ಆರಿಸಿದರೆ 1 ಕಮಾಂಡ್ ಪಾಯಿಂಟ್ (ಸರದಿಗೆ ಇಷ್ಟೇ ಎಂದು ಸಿಗುವ ಅಂಕ) ಖರ್ಚು, ಟ್ಯಾಂಕ್‌ಗೆ 2. ಆಮೇಲೆ ಅವನನ್ನು ನಾವೇ ಓಡಿಸಬೇಕು. ಓಡುವಷ್ಟು ಹೊತ್ತೂ ಎದುರಾಳಿಯ ಗುಂಡು ಬೀಳುತ್ತಲೇ ಇರುತ್ತದೆ, ಗುರಿಯಿಡುವ ಬಟನ್ ಒತ್ತಿದಾಗಷ್ಟೇ ನಿಲ್ಲುತ್ತದೆ. ಬಯಲಲ್ಲಿ ನಿಂತು ಯೋಚಿಸುತ್ತಾ ಕೂತರೆ ಸೈನಿಕ ಹೋದ ಹಾಗೆಯೇ. ಲೆಕ್ಕಾಚಾರವೆಲ್ಲ ನಕ್ಷೆಯಲ್ಲೇ ಮುಗಿಯಬೇಕು.

ಟ್ಯಾಂಕ್ ಹೊಡೆಯಲು, ಅದನ್ನು ಭೇದಿಸುವ ಅಸ್ತ್ರ ಹೊತ್ತ ಲ್ಯಾನ್ಸರ್‌ನನ್ನು ಅದರ ಬೆನ್ನಿಗೆ ತನ್ನಿ. ಅಲ್ಲಿ ನೀಲಿಯಾಗಿ ಹೊಳೆಯುವ ರೇಡಿಯೇಟರ್ ಇದೆ, ಮುಂಭಾಗದ ದಪ್ಪ ಕವಚಕ್ಕೆ ಹೊಡೆದು ಮದ್ದು ಹಾಳುಮಾಡಬೇಡಿ. ಅವನ ಬಳಿ ಇರುವುದು ಮೂರೇ ಸುತ್ತು, ತುಂಬಿಕೊಡಲು ಇಂಜಿನಿಯರ್ ಹತ್ತಿರದಲ್ಲಿರಲಿ. ಒಂದೇ ಸರದಿಯಲ್ಲಿ ಒಬ್ಬನನ್ನೇ ಮತ್ತೆ ಮತ್ತೆ ಕಳಿಸಿದರೆ ಅವನು ಓಡಬಲ್ಲ ದೂರ ಕುಗ್ಗುತ್ತದೆ. ಬಿದ್ದ ಸೈನಿಕನ ಬಳಿಗೆ ಮೂರು ಸರದಿಯೊಳಗೆ ನಮ್ಮವರು ತಲುಪಬೇಕು. ಶತ್ರು ಮೊದಲು ಮುಟ್ಟಿದರೆ ಅವನು ಮತ್ತೆಂದೂ ಬರುವುದಿಲ್ಲ. ಹೆಸರು, ಮುಖ, ಸ್ವಭಾವ ಇರುವ ಸೈನಿಕ ಅವನು, ಸಂಕಟವಾಗುತ್ತದೆ.

ಕೊರತೆ ಇರುವುದು ಪ್ರತಿ ಕಾಳಗದ ಕೊನೆಗೆ ಸಿಗುವ ದರ್ಜೆಯಲ್ಲಿ, ಅಂದರೆ ಮಿಷನ್ ರ‍್ಯಾಂಕ್‌ನಲ್ಲಿ. ಎಷ್ಟು ಸರದಿಯಲ್ಲಿ ಮುಗಿಸಿದಿರಿ ಎಂಬುದೊಂದೇ ಅಲ್ಲಿನ ಅಳತೆ. ಹಲವೆಡೆ ಗುರಿ ಶತ್ರು ಶಿಬಿರ ಹಿಡಿಯುವುದಾದ್ದರಿಂದ, ದೂರ ಓಡಬಲ್ಲ ಸ್ಕೌಟ್ ಆಲಿಷಿಯಾಗೆ ರಕ್ಷಣೆಯ ಆರ್ಡರ್ (ಸೈನಿಕನ ಬಲವನ್ನು ತಾತ್ಕಾಲಿಕವಾಗಿ ಹೆಚ್ಚಿಸುವ ಆಜ್ಞೆ) ಕೊಟ್ಟು ನುಗ್ಗಿಸಿದರೆ ಎ ರ‍್ಯಾಂಕ್ ಕೈಗೆ ಬರುತ್ತದೆ. ಒಬ್ಬರನ್ನೂ ಕಳೆದುಕೊಳ್ಳದೆ ನಿಧಾನವಾಗಿ ಗೆದ್ದವರಿಗೆ ಮಾತ್ರ ಅನುಭವದ ಅಂಕ, ಹಣ ಎರಡೂ ಕಡಿಮೆ.