ಸೀಟಿನ ಮೇಲಾ, ನೆಲದ ಮೇಲಾ? ಬಳ್ಳಾರಿ–ಕೊಪ್ಪಳ ಹಳಿಯ ಕುಲುಕು ಅಳೆದಾಗ

ನಮ್ಮ ಸೋದರಮಾವ ರೈಲ್ವೆಯಲ್ಲಿ ಕೀಮ್ಯಾನ್ ಆಗಿದ್ದರು. ದಿನಾ ಹಳಿ ಗುಂಟ ನಡೆದು, ಹಳಿಯನ್ನು ಬಿಗಿಹಿಡಿಯುವ ಕೀ (ಕಬ್ಬಿಣದ ಬೆಣೆ) ಸಡಿಲಾಗಿದ್ದು ಕಂಡರೆ ಸುತ್ತಿಗೆಯಿಂದ ಬಡಿದು ಕೂರಿಸುತ್ತಿದ್ದರು. ಆದರೆ ಭಾರ ಬಿದ್ದಾಗ ಹಳಿ ಎಷ್ಟು ಕುಸಿಯುತ್ತದೆ ಅನ್ನೋದು ಅದರ ಮೇಲೆ ಓಡುವ ರೈಲಿಗೇ ಗೊತ್ತು. ಅದಕ್ಕೇ ಈ ಮಳೆಗಾಲ ಬಳ್ಳಾರಿ–ಕೊಪ್ಪಳ ಓಡಾಡುವಾಗ ಕುಲುಕು ಅಳೆದು ನೋಡಿದೆ. ಒಂದು ಮೊಬೈಲು, ಅಲುಗಾಟ ಅಳೆಯುವ ಎಂಪಿಯು-6050 ಚಿಪ್ ಇರುವ ಒಂದು ಪುಟ್ಟ ಬೋರ್ಡು, ಇಷ್ಟೇ ಸಾಮಾನು.

ಮೊಬೈಲಿನೊಳಗೂ ಕುಲುಕು ಅಳೆಯುವ ಸೆನ್ಸರ್ ಇರುತ್ತದೆ, ಅಳತೆ ಗ್ರಾಫ್ ಆಗಿ ಕಾಣುತ್ತದೆ. ಮೊದಲು ಅದನ್ನು ಸೀಟಿನ ಮೇಲಿಟ್ಟೆ. ದಂಡ. ಸ್ಪಂಜು ಪೆಟ್ಟನ್ನೆಲ್ಲ ನುಂಗುತ್ತದೆ. ಪಕ್ಕದವರು ಕಾಲು ಮಡಚಿ ಕೂತರೂ ಗ್ರಾಫ್ ಎದ್ದು ಬೀಳುತ್ತದೆ.

ಮುಂದಿನ ಸಲ ಬಾಗಿಲ ಹತ್ತಿರದ ಸೀಟಿನ ಕೆಳಗೆ, ಚಕ್ರಗಳ ನೆತ್ತಿಗೆ ಬರುವ ಜಾಗದಲ್ಲಿ ಧೂಳು ಒರೆಸಿ, ಎರಡೂ ಬದಿ ಅಂಟುವ ಟೇಪಿನಿಂದ ಮೊಬೈಲನ್ನು ನೆಲಕ್ಕೇ ಅಂಟಿಸಿದೆ. ತೋರಣಗಲ್ಲು ಯಾರ್ಡಿನ ಪಾಯಿಂಟುಗಳು (ರೈಲು ಒಂದು ಹಳಿಯಿಂದ ಇನ್ನೊಂದಕ್ಕೆ ಹೊರಳುವ ಜಾಗಗಳು) ಗ್ರಾಫಿನಲ್ಲಿ ಒಂದೊಂದೂ ಮುಳ್ಳಿನ ಹಾಗೆ ಎದ್ದು ನಿಂತವು! ಓಡುವ ಬೋಗಿಯ ಕುಲುಕು ಅಳೆಯುವ ರೈಲ್ವೆಯವರ ಓಎಂಎಸ್ ಪರೀಕ್ಷೆಯಲ್ಲೂ ಸೆನ್ಸರ್ ಕೂರುವುದು ಇಂಥದೇ ಜಾಗದಲ್ಲಿ.

ಇನ್ನು ಬೋರ್ಡು. ಅದು ಸೆಕೆಂಡಿಗೆ 1000 ಸಲ ಅಳೆಯುತ್ತದೆ, ನನ್ನ ಮೊಬೈಲು 100 ಸಲ. ಗಂಟೆಗೆ 72 ಕಿ.ಮೀ. ವೇಗದ ರೈಲು ಸೆಕೆಂಡಿಗೆ 20 ಮೀಟರ್ ಹೋಗುತ್ತದೆ. ಅಂದರೆ ಮೊಬೈಲಿಗೆ 20 ಸೆಂ.ಮೀ.ಗೊಂದು ಅಳತೆ, ಬೋರ್ಡಿಗೆ 2 ಸೆಂ.ಮೀ.ಗೊಂದು. ಬೋರ್ಡೇ ಗೆಲ್ಲಬೇಕು ಅಲ್ವಾ? ನೆಲದ ಮೇಲೆ ಅಂಥ ವ್ಯತ್ಯಾಸ ಕಾಣಲಿಲ್ಲ. ಚಕ್ರಕ್ಕೂ ನೆಲಕ್ಕೂ ನಡುವೆ ಎರಡು ಹಂತದ ಸ್ಪ್ರಿಂಗ್ ಇವೆ. ಹಳಿ ಮೇಲಿನ ಸಣ್ಣ ಸವೆತದ ಚುರುಕು ಪೆಟ್ಟು ಅಲ್ಲೇ ಸತ್ತುಹೋಗುತ್ತದೆ. ಅದನ್ನು ಹಿಡಿಯಬೇಕಾದರೆ ಸೆನ್ಸರ್ ಸ್ಪ್ರಿಂಗಿಗಿಂತ ಕೆಳಗೆ, ಚಕ್ರದ ಅಚ್ಚಿನ ತುದಿಯ ಆಕ್ಸಲ್ ಬಾಕ್ಸ್ ಮೇಲೇ ಇರಬೇಕು. ಅದು ರೈಲ್ವೆಯವರೇ ಮಾಡಬೇಕಾದ ಕೆಲಸ, ಪ್ರಯಾಣಿಕರು ಕೈ ಹಾಕಲೇಬಾರದು. ಬೋರ್ಡಿಗೆ ಜಿಪಿಎಸ್ಸೂ ಬೇರೆ ಜೋಡಿಸಬೇಕು. ಹಾಗಾಗಿ ನನ್ನ ಓಟು ನೆಲಕ್ಕೆ ಅಂಟಿಸಿದ ಮೊಬೈಲಿಗೇ.

ಆದರೆ ಒಂದು ಸಲದ ಗ್ರಾಫನ್ನು ಸುಮ್ನೆ ನಂಬಬೇಡಿ. ಗಿಣಿಗೇರಾ ದಾಟಿದ ಮೇಲೆ ಒಂದು ಸಣ್ಣ ಮೋರಿ ಇದೆ. ನಾಲ್ಕು ಸಲ ಹೋದಾಗಲೂ ಅಲ್ಲೇ ಒಂದು ಏರಿಳಿತ. ಮೋರಿ ಗಟ್ಟಿ, ಅದರ ಎರಡೂ ಕಡೆ ಮಣ್ಣಿನ ಏರಿ. ನಮ್ಮ ಕಡೆಯ ಎರೆಮಣ್ಣು ಗೊತ್ತಲ್ಲ, ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಏರಿಯ ಮೇಲಿನ ಹಳಿ ಮೋರಿಯ ಮಟ್ಟಕ್ಕೆ ಸಮ ಉಳಿಯದೆ ಹೀಗಾಗಿರಬಹುದು. ಜಾಗ ಗುರುತಿಸಲು ನೋಡಿದರೆ ಜಿಪಿಎಸ್ ಚುಕ್ಕೆಗಳು ಪ್ರತಿ ಸಲ ಆಚೀಚೆ ಬಿದ್ದವು. ಕಿಟಕಿಯಿಂದ ನೋಡಿ ಬರೆದುಕೊಂಡ ಕರೆಂಟ್ ಕಂಬದ ನಂಬರೇ ಜಾಸ್ತಿ ಕೆಲಸಕ್ಕೆ ಬಂತು.

ಐದನೇ ಸಲ ಅದೇ ಜಾಗದಲ್ಲಿ ಗ್ರಾಫ್ ಸಪಾಟಾಗಿತ್ತು. ಆ ದಿನ ರೈಲು ಅಲ್ಲಿ ತೆವಳುತ್ತಾ ಹೋಗಿತ್ತು. ಪಕ್ಕದಲ್ಲಿ ವೇಗವನ್ನೂ ಬರೆದಿಡದಿದ್ದರೆ, ಮೋರಿ ಹತ್ತಿರ ಹಳಿ ಸರಿಮಾಡಿದ್ದಾರೆ ಅಂತಲೇ ತಿಳಿದುಕೊಳ್ಳುತ್ತಿದ್ದೆ.