ವರ್ಲ್ಡ್‌ಸ್ಪೇಸ್ ಸೆಟ್ಟು: ಮಾಳಮಡ್ಡಿ ಮನೆಯ ಪೂರ್ವದ ಕಿಟಕಿಯಲ್ಲಿ

ಗದಗಿನಲ್ಲಿರುವ ನನ್ನ ಚಿಕ್ಕಪ್ಪನ ಮಗ ಮೊನ್ನೆ ಒಂದು ಫೋಟೊ ಕಳಿಸಿದ್ದ. ಹಳೇ ಸಾಮಾನಿನ ಅಂಗಡಿಯಲ್ಲಿ ಒಂದು ವರ್ಲ್ಡ್‌ಸ್ಪೇಸ್ ಸೆಟ್ಟು, ಅಂದರೆ ಉಪಗ್ರಹದಿಂದ ಹಾಡು ಹಿಡಿಯುತ್ತಿದ್ದ ರೇಡಿಯೋ, ಪಕ್ಕದಲ್ಲಿ ಅದರ ಚಪ್ಪಟೆ ಆಂಟೆನಾ. "ಅಣ್ಣಾ, ತಗೊಳ್ಳಲೇನು? ನಿಮ್ಮ ಮನ್ಯಾಗೂ ಇಂಥಾದ್ದ ಇತ್ತಲ್ಲ" ಅಂತ ಕೇಳಿದ್ದ. ಎರಡು ಮಾತಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಇದು. ನಮ್ಮ ಸೆಟ್ಟು ಇನ್ನೂ ಮನೆಯಲ್ಲೇ ಇದೆ. ಅವನಿಗೂ, ಹಳೇ ಸೆಟ್ಟು ಹುಡುಕುತ್ತಿರುವ ಬೇರೆಯವರಿಗೂ ಆಗಲಿ ಅಂತ ಎಲ್ಲ ಬರೆಯುತ್ತಿದ್ದೇನೆ.

ನಾವು ತಗೊಂಡಿದ್ದು 2005ರಲ್ಲಿ, ಧಾರವಾಡದ ಮಾಳಮಡ್ಡಿ ಮನೆಗೆ. ಪರಿಚಯದವರೊಬ್ಬರು ವರ್ಗವಾಗಿ ಊರು ಬಿಡುವಾಗ ಕೊಟ್ಟ ಸೆಟ್ಟು. ಉಪಗ್ರಹದ ಜೊತೆ ಎಫ್‌ಎಂ, ಮೀಡಿಯಂ ವೇವ್, ಶಾರ್ಟ್‌ವೇವ್ ಕೂಡ ಇತ್ತು. ಕರೆಂಟಿಗೂ ಸೈ, ಸೆಲ್ಲಿಗೂ ಸೈ. ಸೆಟ್ಟಿನ ನಂಬರ್ ಕೊಟ್ಟು ವರ್ಷದ ಚಂದಾ ಕಟ್ಟಿದರೆ ಚಾನೆಲ್‌ಗಳು ತೆರೆದುಕೊಳ್ಳುತ್ತಿದ್ದವು.

ಇದಕ್ಕೆ ಹಾಡು ಊರಿನ ಟವರ್‌ನಿಂದ ಬರುತ್ತಿರಲಿಲ್ಲ. ಏಷ್ಯಾಸ್ಟಾರ್ ಅನ್ನೋ ಉಪಗ್ರಹದಿಂದ ನೇರ ಕಿಟಕಿಗೆ ಬರುತ್ತಿತ್ತು. 2000ದ ಮಾರ್ಚ್‌ನಲ್ಲಿ ನಮ್ಮ ಇನ್ಸಾಟ್-3ಬಿ ಉಪಗ್ರಹ ಹೊತ್ತೊಯ್ದ ಏರಿಯಾನ್-5 ರಾಕೆಟ್ಟೇ ಇದನ್ನೂ ಮೇಲೆ ಬಿಟ್ಟಿದ್ದು. ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, 105 ಡಿಗ್ರಿ ಪೂರ್ವ ರೇಖಾಂಶದ ಮೇಲೆ ಆಗ ಅದರ ಜಾಗ. ಧಾರವಾಡದಲ್ಲಿ ನಿಂತು ನೋಡಿದರೆ ಪೂರ್ವದಿಂದ ತುಸು ದಕ್ಷಿಣಕ್ಕೆ, ನೆತ್ತಿಗೂ ದಿಗಂತಕ್ಕೂ ಹೆಚ್ಚುಕಡಿಮೆ ನಡುವೆ. ಆ ಒಂದು ಕಡೆ ಆಕಾಶ ಬಯಲಾಗಿದ್ದರೆ ಹಾಡು ಬರುತ್ತಿತ್ತು. ಗೋಡೆ ಅಡ್ಡ ಬಂದರೆ ಇಲ್ಲ. ಇಡೀ ಅನುಭವ ನಿಂತಿದ್ದೇ ಇದರ ಮೇಲೆ.

ನಮ್ಮ ಪಡಸಾಲೆಯ ಕಿಟಕಿ ಪೂರ್ವಕ್ಕೆ ಇರೋದು ನಮ್ಮ ಪುಣ್ಯ. ಮೊದಲ ದಿನ ನಾನು ಆಂಟೆನಾ ಹಿಡಿದು ಕಿಟಕಿಯ ಬಳಿ ನಿಂತೆ. ಅಪ್ಪ ಸೆಟ್ಟಿನ ಮುಂದೆ ಕೂತು ಸಿಗ್ನಲ್ ಗೆರೆ ನೋಡುತ್ತಿದ್ದರು. "ಸ್ವಲ್ಪ ಮ್ಯಾಲೆ ಮಾಡು. ಇನ್ನೊಂದೀಟು. ಹಾಂ, ನಿಲ್ಲು ನಿಲ್ಲು, ಅಲ್ಲೇ ಇಡು, ಮತ್ತ ಮುಟ್ಟಬ್ಯಾಡ!" ಅಂದರು. ಒಂದೆರಡು ಕ್ಷಣ ಏನೂ ಇಲ್ಲ. ಆಮೇಲೆ ಒಮ್ಮೆಲೇ ತಂಬೂರಿ. ಕರಕರ ಸದ್ದಿಲ್ಲ, ಸ್ಟೇಷನ್ ಹುಡುಕಾಟ ಇಲ್ಲ. ಆಂಟೆನಾ ಕೆಳಗೆ ಒಂದು ಹಳೇ ಡಿಕ್ಷನರಿ ಇಟ್ಟು ಓರೆ ಮಾಡಿದೆವು. ನಾಲ್ಕು ವರ್ಷ ಆ ಡಿಕ್ಷನರಿ ಅಲ್ಲಿಂದ ಕದಲಲಿಲ್ಲ.

ಧಾರವಾಡದ ಮಳೆ ನಿಮಗೆ ಗೊತ್ತಲ್ಲ, ಆಷಾಢದಲ್ಲಿ ಹಿಡಿದರೆ ಬಿಡುವುದೇ ಇಲ್ಲ. ಜೋರು ಮಳೆಗೆ ಟಿವಿಯ ಡಿಶ್ ಕೈಕೊಡುತ್ತಿತ್ತು. ಈ ಸೆಟ್ಟು ಮಾತ್ರ ಹಾಡುತ್ತಲೇ ಇರುತ್ತಿತ್ತು. ಇದು ಬಳಸುತ್ತಿದ್ದದ್ದು ಎಲ್ ಬ್ಯಾಂಡ್ ಅನ್ನೋ ರೇಡಿಯೋ ತರಂಗ, ಮಳೆ ಹನಿ ಅದನ್ನು ಅಷ್ಟಾಗಿ ತಡೆಯುವುದಿಲ್ಲ. ತಡೆಯುತ್ತಿದ್ದದ್ದು ಗಿಡದ ಎಲೆ. ಪಕ್ಕದ ಮನೆಯ ಮಾವಿನ ಗಿಡದ ಟೊಂಗೆಯೊಂದು ಕಿಟಕಿಯ ನೇರಕ್ಕೆ ಬೆಳೆದಾಗ, ಗಾಳಿ ಬೀಸಿದಾಗೆಲ್ಲ ಹಾಡು ತುಂಡಾಗುತ್ತಿತ್ತು. ಅಪ್ಪ ಹೋಗಿ ಕೇಳಿಕೊಂಡರು. ಆ ಮನೆಯ ಅಜ್ಜ ಸಂಗೀತ ಕೇಳುವವರು, ತಾವೇ ನಿಂತು ಟೊಂಗೆ ಕಡಿಸಿಕೊಟ್ಟರು.

ಪೋರ್ಟಬಲ್ ಅಂತ ಮಾರುತ್ತಿದ್ದರಲ್ಲ, ಅದು ಅರ್ಧ ನಿಜ. ಎತ್ತಿಕೊಂಡು ಹೋಗಬಹುದಿತ್ತು, ಹೋಗುತ್ತಾ ಕೇಳಲಿಕ್ಕೆ ಆಗುತ್ತಿರಲಿಲ್ಲ. ಹುಬ್ಬಳ್ಳಿ ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ನೋಡಿದೆ, ಒಂದು ಸಾಲೂ ಪೂರ್ತಿ ಬರಲಿಲ್ಲ. ಗದಗಿನ ಚಿಕ್ಕಪ್ಪನ ಮನೆ ಮಾಳಿಗೆ ಮೇಲೆ ಮಾತ್ರ ಚೆನ್ನಾಗಿ ಬರುತ್ತಿತ್ತು. ಬೇಸಿಗೆ ರಾತ್ರಿ ಎಲ್ಲರೂ ಅಲ್ಲೇ ಹಾಸಿಕೊಂಡು ಮಲಗುತ್ತಿದ್ದೆವು. ಆಂಟೆನಾವನ್ನು ನೀರಿನ ಕೊಡಕ್ಕೆ ಒರಗಿಸಿದರೆ ಸಾಕಿತ್ತು. ಫೋಟೊ ಕಳಿಸಿದ ನನ್ನ ತಮ್ಮ ಆಗ ಸಣ್ಣವನು, ಮಾಲಕಂಸ ರಾಗ ಕೇಳುತ್ತಲೇ ನಿದ್ದೆ ಹೋಗುತ್ತಿದ್ದ.

ಚಾನೆಲ್ ಬಹಳ ಇದ್ದವು. ಅವ್ವನಿಗೆ 'ಸ್ಪರ್ಶ', ಅದು ಕನ್ನಡ ಹಾಡಿನದು. ಪಿ.ಬಿ. ಶ್ರೀನಿವಾಸ್ ದನಿ ಬಂದರೆ ಅಡುಗೆಮನೆಯಿಂದಲೇ "ಜರಾ ದೊಡ್ಡದು ಮಾಡ್ರಿ" ಅನ್ನುತ್ತಿದ್ದರು. ಹಳೇ ಹಿಂದಿ ಹಾಡಿಗೆ 'ಫರಿಶ್ತಾ', ಕರ್ನಾಟಕ ಸಂಗೀತಕ್ಕೆ 'ಶ್ರುತಿ'. ಆದರೆ ನಾವು ದುಡ್ಡು ಕಟ್ಟಿದ್ದು 'ಗಂಧರ್ವ' ಚಾನೆಲ್‌ಗಾಗಿ. ಹಿಂದೂಸ್ತಾನಿ ಸಂಗೀತ, ಹಗಲೂ ರಾತ್ರಿ.

ಧಾರವಾಡದವರಿಗೆ ಈ ಸಂಗೀತ ಹೊಸದಲ್ಲ. ಇಲ್ಲಿ ಆಕಾಶವಾಣಿ 1950ರಲ್ಲೇ ಶುರುವಾಗಿದೆ. ಹಿಂದೂಸ್ತಾನಿ ಗಾಯಕರಾದ ಮಲ್ಲಿಕಾರ್ಜುನ ಮನ್ಸೂರರು, ಬಸವರಾಜ ರಾಜಗುರುಗಳು ಇದ್ದ ಊರು. ಹುಬ್ಬಳ್ಳಿಯಲ್ಲಿ ಗಂಗೂಬಾಯಿ ಹಾನಗಲ್, ಗದಗಿನಲ್ಲಿ ಪುಟ್ಟರಾಜ ಗವಾಯಿಗಳ ಆಶ್ರಮ. ಆದರೂ ಮನೆಯಲ್ಲಿ ಕೂತು ಕೇಳಬೇಕು ಅಂದರೆ ಆಕಾಶವಾಣಿಯ ಹೊತ್ತಿಗೆ ಕಾಯಬೇಕಿತ್ತು, ಇಲ್ಲವೇ ಇದ್ದ ಹತ್ತಿಪ್ಪತ್ತು ಕ್ಯಾಸೆಟ್ಟುಗಳನ್ನೇ ತಿರುಗಿಸಿ ಹಾಕಬೇಕಿತ್ತು.

ಒಂದು ಮುಂಜಾನೆ ನನಗೆ ಚೆನ್ನಾಗಿ ನೆನಪಿದೆ. ಅವ್ವ ಚಹಾ ತಂದಿಟ್ಟಿದ್ದರು. ಮನ್ಸೂರರ ಶಿವಮತ ಭೈರವ ಶುರುವಾಯಿತು. ಅಪ್ಪ ಕಪ್ಪು ಕೈಗೆತ್ತಿಕೊಂಡವರು ಕುಡಿಯಲೇ ಇಲ್ಲ. ಚಹಾದ ಮೇಲೆ ಕೆನೆ ಕಟ್ಟಿತು. ಹಾಡು ಮುಗಿದ ಮೇಲೆ, "ಇದನ್ನ ಅವರ ಎದುರಿಗೇ ಕೂತು ಕೇಳಿದ್ದೆ. ಮತ್ತ ಸಿಗ್ತದ ಅಂತ ತಿಳಿದಿರಲಿಲ್ಲ" ಅಂದರು. ಮನ್ಸೂರರು ಹೋಗಿದ್ದು 1992ರಲ್ಲಿ. ಅಷ್ಟು ವರ್ಷ ಅಪ್ಪ ಆ ರಾಗವನ್ನು ಮತ್ತೆ ಕೇಳಿರಲಿಲ್ಲ.

ಇದಾದ ಮೇಲೆ, 2008ರಲ್ಲಿ, ಅಪ್ಪನಿಗೆ ಅಂತ ಕಿಸೆಯಲ್ಲಿ ಹಿಡಿಯುವ ಒಂದು ಎಂಪಿ3 ಪ್ಲೇಯರ್ ತಂದೆ. ಮನೆಯಲ್ಲಿದ್ದ ಸಿಡಿಗಳನ್ನೆಲ್ಲ ಅದಕ್ಕೆ ತುಂಬಿಸಿದೆ. ಅನುಕೂಲ ಜಾಸ್ತಿ, ಆಕಾಶ ಬೇಕಿಲ್ಲ, ಚಂದಾ ಇಲ್ಲ, ವಾಕಿಂಗ್‌ಗೆ ಒಯ್ಯಬಹುದು. ಅಪ್ಪ ಒಂದು ತಿಂಗಳು ಬಳಸಿ ನನಗೇ ವಾಪಸ್ ಕೊಟ್ಟರು. ಮುಂದಿನದು ಯಾವುದು ಅಂತ ಮೊದಲೇ ಗೊತ್ತಾಗುತ್ತದೆ ಅನ್ನೋದು ಅವರ ತಕರಾರು. ನನಗೂ ಹಾಗೇ ಅನ್ನಿಸಿತು. ಅದರಲ್ಲಿ ನಾವು ತುಂಬಿಸಿದ್ದಷ್ಟೇ ಇತ್ತು. ಗಂಧರ್ವದಲ್ಲಿ ಸಂಗೀತ ಬಲ್ಲವರು ಯಾರೋ ಕೂತು ಆರಿಸಿದ್ದು ಬರುತ್ತಿತ್ತು, ನಾವು ಹೆಸರೇ ಕೇಳದ ಗಾಯಕರು ಸಿಗುತ್ತಿದ್ದರು.

ಸೆಟ್ಟಿನ ತೊಂದರೆಗಳನ್ನೂ ಹೇಳಬೇಕು. ತಯಾರಿಸಿದ ಕಂಪನಿಯ ಹೆಸರು ಬೇಡ. ಎರಡನೇ ವರ್ಷಕ್ಕೆ ಆಂಟೆನಾದ ವೈರು ಸೆಟ್ಟಿಗೆ ಸೇರುವ ಕಡೆ ಸಡಿಲಾಯಿತು. ಹೊಸ ಆಂಟೆನಾ ತರಿಸಿಕೊಡುತ್ತೇವೆ ಅಂದ ಅಂಗಡಿಯವರು ಮೂರು ತಿಂಗಳು ಸುಮ್ನೆ ಓಡಾಡಿಸಿದರು. ಕೊನೆಗೆ ಹುಬ್ಬಳ್ಳಿ ದುರ್ಗದಬೈಲಿನ ಹತ್ತಿರ ಒಬ್ಬ ರೇಡಿಯೋ ರಿಪೇರಿಯವರು ಬೆಸುಗೆ ಹಾಕಿ ಕೊಟ್ಟರು, ಇವತ್ತಿಗೂ ಗಟ್ಟಿ ಇದೆ. ಕರೆಂಟ್ ಹೋಗಿ ಬಂದರೆ ನಾವೇ ಎದ್ದು ಮತ್ತೆ ಬಟನ್ ಒತ್ತಬೇಕಿತ್ತು. ಸೆಲ್ ಬೇಗ ಖಾಲಿಯಾಗುತ್ತಿತ್ತು, ಅದಕ್ಕೇ ಗದಗಿಗೆ ಹೋಗುವಾಗ ಮಾತ್ರ ಹಾಕುತ್ತಿದ್ದೆವು.

2008ರ ಅಕ್ಟೋಬರ್‌ನಲ್ಲಿ ವರ್ಲ್ಡ್‌ಸ್ಪೇಸ್‌ನ ಅಮೆರಿಕದ ಮೂಲ ಕಂಪನಿ ದಿವಾಳಿ ಅರ್ಜಿ ಹಾಕಿತು. 2009ರ ಡಿಸೆಂಬರ್ 31ಕ್ಕೆ ಭಾರತದಲ್ಲಿ ಸೇವೆ ನಿಂತಿತು. ಆ ಕೊನೆಯ ವಾರ ಅಪ್ಪ ರಾತ್ರಿ ಬಹಳ ಹೊತ್ತು ಎದ್ದಿರುತ್ತಿದ್ದರು. ಹೊಸ ವರ್ಷದಲ್ಲಿ ಸ್ವಿಚ್ ಹಾಕಿದರೆ ಪರದೆ ಬೆಳಗುತ್ತಿತ್ತು, ಹಾಡಿಲ್ಲ. ಆಂಟೆನಾ ಮಾತ್ರ ಇನ್ನೊಂದು ವರ್ಷ ಡಿಕ್ಷನರಿಯ ಮೇಲೇ ಇತ್ತು. ತೆಗೆದಿಡಿ ಅಂತ ಅವ್ವ ಒಮ್ಮೆಯೂ ಹೇಳಲಿಲ್ಲ.

ಸೆಟ್ಟನ್ನು ಅಪ್ಪ ಮೀಡಿಯಂ ವೇವ್‌ಗೆ ತಿರುಗಿಸಿದರು. ಧಾರವಾಡ 765 ಕಿಲೋಹರ್ಟ್ಜ್, ದೊಡ್ಡ ಸ್ಪೀಕರಿನಲ್ಲಿ ದನಿ ಬಹಳ ಚೆನ್ನಾಗಿ ಬರುತ್ತಿತ್ತು. 2011ರ ಜನವರಿ 24ರಂದು ಭೀಮಸೇನ ಜೋಶಿಯವರು ಹೋದ ಸುದ್ದಿಯನ್ನು ನಾವು ಇದರಲ್ಲೇ ಕೇಳಿದ್ದು.

ತಮ್ಮಾ, ಇಷ್ಟು ಓದಿದ ಮೇಲೂ ತಗೊಳ್ಳಬೇಕು ಅನ್ನಿಸಿದರೆ ಮಾಮೂಲಿ ರೇಡಿಯೋ ಅಂತ ತಿಳಿದು ತಗೋ, ಅದಕ್ಕೆ ತಕ್ಕ ದುಡ್ಡು ಕೊಡು. ಉಪಗ್ರಹದ ಚಾನೆಲ್ ಒಂದೂ ಬರುವುದಿಲ್ಲ, ಆಂಟೆನಾಕ್ಕೆ ಅಂತ ಬೇರೆ ರೊಕ್ಕ ಕೇಳಿದರೆ ಕೊಡಬೇಡ. ಹಿಂದಿನ ಮುಚ್ಚಳ ತೆಗೆಸಿ ಸೆಲ್ ಕೂಡುವ ಜಾಗ ನೋಡು. ಹಸಿರು ಬಣ್ಣದ ಕಿಲುಬು ಹಿಡಿದಿದ್ದರೆ ಬಿಟ್ಟುಬಿಡು. ಸರಿಯಿದ್ದರೆ ಅಲ್ಲೇ ಸೆಲ್ ಹಾಕಿಸಿ ಒಮ್ಮೆ ಹಚ್ಚಿ ನೋಡು, ಸ್ಪೀಕರ್ ಒಡೆದ ದನಿ ಮಾಡದಿದ್ದರೆ ತಗೊಂಡು ಬಾ. ವಾಲ್ಯೂಮ್ ಕರಕರ ಅಂದರೆ ಚಿಂತೆ ಬೇಡ, ಅದನ್ನು ಸ್ವಚ್ಛ ಮಾಡೋದು ನನಗೆ ಗೊತ್ತು.