ಕುಂಡಕ್ಕೆ ಯಾವ ಬೀಜ: ಹುಣಸೆಯೋ, ಹಲಸೋ?

ಮಕ್ಕಳಿಗೆ ಬೀಜದ ಸಿಪ್ಪೆಯ ಕೆಲಸ ತೋರಿಸಬೇಕಾ? ಅಡುಗೆಮನೆಯಲ್ಲೇ ಎರಡು ಬೀಜ ಸಿಗುತ್ತವೆ.

ಹುಣಸೆ ಬೀಜ ಕೈಯಲ್ಲಿ ಹಿಡಿದು ನೋಡಿ. ಕಂದು ಬಣ್ಣ, ನುಣುಪು, ಕಲ್ಲಿನಂಥ ಸಿಪ್ಪೆ. ಅದರ ಹೊರಪದರದಲ್ಲಿ ಜೀವಕೋಶಗಳು ಕಂಬಗಳಂತೆ ಒತ್ತಾಗಿ ನಿಂತಿವೆ, ನೀರು ಸುಲಭವಾಗಿ ಒಳಗೆ ಇಳಿಯುವುದಿಲ್ಲ. ಡಬ್ಬಿಯಲ್ಲಿ ತಿಂಗಳುಗಟ್ಟಲೆ ಇಟ್ಟರೂ ಕೆಡುವುದಿಲ್ಲ. ಆದರೆ ಸುಮ್ನೆ ಊರಿದರೆ ಜಾಸ್ತಿ ಕಾಯಬೇಕು. ಒಂದು ಬದಿಯನ್ನು ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ. ಒಳಗಿನ ಬಿಳಿ ಇಣುಕಿದ ಕೂಡಲೇ ನಿಲ್ಲಿಸಿ, ರಾತ್ರಿಯಿಡೀ ನೆನೆಹಾಕಿ.

ಹಲಸಿನದು ಪೂರಾ ಉಲ್ಟಾ. ಬಿಳಿ ಹೊದಿಕೆ ಸುಲಿದರೆ ಸಿಗುವ ತೆಳು ಕಂದು ಪೊರೆಯೇ ಅದರ ಸಿಪ್ಪೆ. ಒಣಗಿದರೆ ಬೀಜ ಸತ್ತಂತೆ. ತೊಳೆ ತಿಂದ ಕೆಲವೇ ದಿನಗಳಲ್ಲಿ ಊರಿಬಿಡಿ.

ಹಾಗಾಗಿ ಹಲಸಿನ ಕಾಲವಾದರೆ ಹಲಸು, ಮಿಕ್ಕ ದಿನಗಳಲ್ಲಿ ಹುಣಸೆ. ನನಗಂತೂ ಉಜ್ಜುವ ಆಟವೇ ಇಷ್ಟ.

ಎರಡರ ಸಿಪ್ಪೆಯ ಹುಟ್ಟೂ ಒಂದೇ: ಹೂವಿನೊಳಗಿನ ಅಂಡಕದ (ಮುಂದೆ ಬೀಜವಾಗುವ ಭಾಗ) ಹೊದಿಕೆ. ಹೂಬಿಡುವ ಗಿಡಗಳಲ್ಲಿ ಅದು ಸಾಮಾನ್ಯವಾಗಿ ಎರಡು ಪದರ, ಪೈನ್ ಮರದಲ್ಲಿ ಒಂದೇ. ಸೂರ್ಯಕಾಂತಿ ಬಳಗ ವಿಕಾಸದ ಹಾದಿಯಲ್ಲಿ ಮತ್ತೆ ಒಂದಕ್ಕೆ ಇಳಿದಿದೆ. ಇನ್ನು ದಾಳಿಂಬೆ? ನಾವು ಚೀಪುವ ಕೆಂಪು ರಸದ ಭಾಗವೇ ಅದರ ಬೀಜದ ಸಿಪ್ಪೆ!